ಮೂರನೆಯವರು ಸೋತು ನಾಲ್ಕನೆಯವರು ಗೆಲ್ಲುವುದು ಹೇಗೆ? ವರ್ಗಾವಣೆ ಮತದ ಲೆಕ್ಕ ಬಲ್ಲವರು ಹೇಳಿ

ಗೋಣಿಕೊಪ್ಪ ಸಂತೆ

ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದ ಚುನಾವಣೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಜಗಳ. ಅಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯುವುದು. ‘1’ ಎಂದು ಬರೆದು ಬಂದರೆ ಸಾಕು, 2, 3 ಎಂದು ಮುಂದುವರಿಸಿದರೆ ನಮ್ಮವರಿಗೇ ಪೆಟ್ಟು ಎನ್ನುವುದು ಅಪ್ಪನ ವಾದ. ಎಲ್ಲರ ಮುಂದೆಯೂ ಅಂಕಿ ಹಾಕಲೇಬೇಕು, ಇಲ್ಲದಿದ್ದರೆ ಮತ ಅಸಿಂಧು ಎನ್ನುವುದು ಚಿಕ್ಕಪ್ಪನ ವಾದ. ಟಿವಿಯಲ್ಲಿ ‘ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆ ಆರಂಭ’ ಎಂದು ಸುದ್ದಿ ಓಡುವಾಗ ಇಬ್ಬರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಅದೇನೆಂದು ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ.

ಇದರ ಮೇಲೆ, ಡಬ್ಲಿನ್ನಿನಲ್ಲಿ ನರ್ಸ್ ಆಗಿರುವ ನಮ್ಮ ಅತ್ತೆಯ ಮಗಳು ಫೋನಿನಲ್ಲಿ ಇನ್ನೊಂದು ಒಗಟು ಎಸೆದಳು. ಮೂರು ಸ್ಥಾನವಿರುವ ಕ್ಷೇತ್ರದಲ್ಲಿ ಮೊದಲ ಸುತ್ತಿನಲ್ಲಿ ಮೂರನೆಯವರಾಗಿದ್ದವರು ಸೋತು ನಾಲ್ಕನೆಯವರು ಗೆಲ್ಲುವುದು ಅಲ್ಲಿ ಯಾರಿಗೂ ಆಶ್ಚರ್ಯವಲ್ಲವಂತೆ. ಹೆಚ್ಚು ಮತ ಬಿದ್ದವರು ಸೋಲುವುದು ಯಾವ ನ್ಯಾಯ? ಅರ್ಥವಾಗುವಂತೆ ಬಿಡಿಸಿ ಹೇಳುವವರು ಇದ್ದಾರೆಯೇ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಸಂತೆಯವರೇ, ಅಪ್ಪನವರ ಭಯದಿಂದಲೇ ಆರಂಭಿಸುತ್ತೇನೆ. ಊರಿನಲ್ಲಿ ಮುಕ್ಕಾಲು ಜನರಿಗೆ ಇರುವುದು ಅದೇ ಭಯ. ನೀವು ಬರೆಯುವ ‘2’, ನಿಮ್ಮ ‘1’ರ ಹಣೆಬರಹ ತೀರ್ಮಾನವಾಗುವವರೆಗೆ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮವರು ಕಣದಲ್ಲಿ ಇರುವಷ್ಟು ಹೊತ್ತು ಆ ಮತಪತ್ರ ಅವರ ಕಟ್ಟಿನಲ್ಲೇ ಇರುತ್ತದೆ. ಅವರು ಬೇಕಾದದ್ದಕ್ಕಿಂತ ಹೆಚ್ಚು ಪಡೆದು ಗೆದ್ದರೆ, ಇಲ್ಲವೇ ಕೊನೆಯವರಾಗಿ ಹೊರಬಿದ್ದರೆ ಮಾತ್ರ ಎಣಿಸುವವರು ಮುಂದಿನ ಅಂಕಿ ನೋಡುತ್ತಾರೆ. ಮತ ಹೀಗೆ ಇನ್ನೊಬ್ಬರಿಗೆ ದಾಟುವುದೇ ವರ್ಗಾವಣೆ. ಆದ್ದರಿಂದ ಎರಡನೆಯ ಅಂಕಿಯಿಂದ ಮೊದಲನೆಯವರಿಗೆ ಪೆಟ್ಟು ಬೀಳುವ ದಾರಿಯೇ ಇಲ್ಲ. ಚಿಕ್ಕಪ್ಪನವರದೂ ಸರಿಯಲ್ಲ: ‘1’ ಒಂದಿದ್ದರೆ ಮತ ಸಿಂಧು. ಉಳಿದದ್ದು ನಿಮ್ಮ ಇಷ್ಟ.

ಈಗ ಒಗಟು. ಒಂದು ಕಲ್ಪಿತ ಬೆಳೆಗಾರರ ಸಂಘ ತೆಗೆದುಕೊಳ್ಳೋಣ. ಮೂರು ನಿರ್ದೇಶಕ ಸ್ಥಾನ, ಐವರು ಅಭ್ಯರ್ಥಿಗಳು, 1,000 ಸಿಂಧು ಮತ. ಅಭ್ಯರ್ಥಿಗಳನ್ನು ಊರ ಹೆಸರಿನಿಂದಲೇ ಕರೆಯುತ್ತೇನೆ, ಯಾರೂ ಮೈಮೇಲೆ ಎಳೆದುಕೊಳ್ಳಬೇಡಿ. ಮೊದಲ ಎಣಿಕೆ ಹೀಗಿದೆ:

ವಿರಾಜಪೇಟೆ 331
ಸೋಮವಾರಪೇಟೆ 235
ಮಡಿಕೇರಿ 180
ಪೊನ್ನಂಪೇಟೆ 149
ನಾಪೋಕ್ಲು 105

ಗೆಲ್ಲಲು ಎಷ್ಟು ಬೇಕು? ಸಿಂಧು ಮತವನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಬೇಕು, ಬಂದದ್ದಕ್ಕೆ ಒಂದು ಸೇರಿಸಬೇಕು. 1,000ವನ್ನು 4ರಿಂದ ಭಾಗಿಸಿದರೆ 250, ಒಂದು ಸೇರಿಸಿದರೆ 251. ನಾಲ್ವರಿಗೆ ತಲಾ 251 ಬರಬೇಕಾದರೆ 1,004 ಮತ ಬೇಕು, ಇರುವುದು 1,000. ಹಾಗಾಗಿ ಈ ಗೆರೆ ದಾಟುವವರು ಮೂವರಿಗಿಂತ ಹೆಚ್ಚಾಗಲು ಸಾಧ್ಯವಿಲ್ಲ. ಇದಕ್ಕೆ ಡ್ರೂಪ್ ಕೋಟಾ ಎನ್ನುತ್ತಾರೆ. ಹೆನ್ರಿ ಡ್ರೂಪ್ ಎಂಬ 19ನೇ ಶತಮಾನದ ಇಂಗ್ಲಿಷ್ ವಕೀಲರು ಹಾಕಿದ ಲೆಕ್ಕ.

ವಿರಾಜಪೇಟೆ ಗೆದ್ದಾಯಿತು. ಅವರಿಗೆ 80 ಮತ ಮಿಗುತ್ತದೆ. ಮೇಲಿನ ಗದ್ದೆಯ ಏರಿ ತುಂಬಿದ ಮೇಲೆ ನೀರನ್ನು ಕೆಳಗಿನ ಗದ್ದೆಗೆ ಕಡಿದು ಬಿಡುವಂತೆ ಈ 80ನ್ನು ಮುಂದಕ್ಕೆ ಬಿಡಬೇಕು. ಯಾರಿಗೆ? ಅವರ 331 ಮತಪತ್ರಗಳಲ್ಲಿ ಎರಡನೆಯ ಅಂಕಿ ಯಾರಿಗಿದೆಯೋ ಅವರಿಗೆ, ಅದೇ ಪ್ರಮಾಣದಲ್ಲಿ. 248 ಪತ್ರಗಳಲ್ಲಿ ಪೊನ್ನಂಪೇಟೆ, 50ರಲ್ಲಿ ಮಡಿಕೇರಿ, 33ರಲ್ಲಿ ಸೋಮವಾರಪೇಟೆ ಎಂದಿದ್ದರೆ 80 ಮತ 60, 12, 8 ಎಂದು ಹಂಚಿಕೆಯಾಗುತ್ತದೆ. ಈಗ ಸೋಮವಾರಪೇಟೆ 243, ಪೊನ್ನಂಪೇಟೆ 209, ಮಡಿಕೇರಿ 192, ನಾಪೋಕ್ಲು 105.

ನೋಡಿದಿರಾ, ನಾಲ್ಕನೆಯವರು ಆಗಲೇ ಮೂರನೆಯವರನ್ನು ದಾಟಿದರು. ಯಾರೂ ಕೋಟಾ ಮುಟ್ಟದ ಕಾರಣ ಕೊನೆಯವರಾದ ನಾಪೋಕ್ಲು ಹೊರಗೆ. ಅವರ 105 ಪತ್ರಗಳನ್ನು ಬಿಚ್ಚಿದಾಗ ಪೊನ್ನಂಪೇಟೆಗೆ 52, ಮಡಿಕೇರಿಗೆ 38, ಸೋಮವಾರಪೇಟೆಗೆ 5. ಮಿಕ್ಕ 10ರಲ್ಲಿ ಮುಂದಿನ ಅಂಕಿಯೇ ಇಲ್ಲ. ಪೊನ್ನಂಪೇಟೆ 261ಕ್ಕೆ ಏರಿ ಗೆದ್ದಿತು. ಉಳಿದದ್ದು ಒಂದು ಸ್ಥಾನ. ಸೋಮವಾರಪೇಟೆ 248, ಮಡಿಕೇರಿ 230. ಪೊನ್ನಂಪೇಟೆಯ ಹೆಚ್ಚುವರಿ 10 ಪೂರ್ತಿ ಮಡಿಕೇರಿಗೆ ಹೋದರೂ 240. ಆದ್ದರಿಂದ ಕೋಟಾ ಮುಟ್ಟದೆಯೇ ಸೋಮವಾರಪೇಟೆ ಆಯ್ಕೆ.

180 ಮತದ ಮಡಿಕೇರಿ ಮನೆಗೆ, 149 ಮತದ ಪೊನ್ನಂಪೇಟೆ ಸಭೆಗೆ. ನ್ಯಾಯವೇ ಎಂದು ಕೇಳಿದ್ದೀರಿ. ಮಡಿಕೇರಿಯವರನ್ನು 180 ಜನ ಬಯಸಿದರು, ನಿಜ. ಆದರೆ ಮುಂದಿನ ಅಂಕಿಗಾಗಿ ಬಿಚ್ಚಿ ನೋಡಿದ 436 ಪತ್ರಗಳಲ್ಲಿ ಹೆಚ್ಚಿನವು ಅವರ ಕಡೆಗೆ ಬರಲಿಲ್ಲ. ಪೊನ್ನಂಪೇಟೆಯವರು ವಿರಾಜಪೇಟೆಯವರಿಗೂ ಆಗುತ್ತಾರೆ, ನಾಪೋಕ್ಲಿನ ಅರ್ಧ ಜನಕ್ಕೂ ಆಗುತ್ತಾರೆ. ಕೊನೆಯ ಸ್ಥಾನಗಳಿಗೆ ಬಂದಾಗ ಈ ಪದ್ಧತಿ ಕೇಳುವುದು ಇದನ್ನೇ: ನಿಮ್ಮವರನ್ನು ಬಿಟ್ಟು ಬೇರೆ ಯಾರಿಗೆಲ್ಲ ನೀವು ಆಗುತ್ತೀರಿ?

ಕಾಳುಮೆಣಸು

ಮೇಷ್ಟ್ರ ಲೆಕ್ಕ ಚೆನ್ನಾಗಿದೆ, ಆದರೆ ಒಂದು ಕಡೆ ನುಸುಳಿಕೊಂಡು ಹೋಗಿದ್ದಾರೆ. ವಿರಾಜಪೇಟೆಯ 331ರಲ್ಲಿ ಹೆಚ್ಚುವರಿ 80 ಎಂದರೆ ಯಾವ 80? ಮೇಲಿನ 80 ಹಾಳೆಯೋ ಕೆಳಗಿನ 80 ಹಾಳೆಯೋ? ಅದನ್ನು ಎತ್ತಿಕೊಡುವ ಗುಮಾಸ್ತನ ಕೈಯಲ್ಲೇ ಮೂರನೇ ಸ್ಥಾನ ಇದ್ದಂತಾಯಿತಲ್ಲ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಮೆಣಸಿನವರೇ, ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನೂರೈವತ್ತು ವರ್ಷ ಕಳೆದಿದೆ. ನಮ್ಮ ದೇಶದ ರಾಜ್ಯಸಭೆಯಂಥ ಚುನಾವಣೆಗಳಲ್ಲಿ ಉತ್ತರ ಹೀಗಿದೆ: ಒಂದಕ್ಕಿಂತ ಹೆಚ್ಚು ಸ್ಥಾನವಿದ್ದರೆ ಪ್ರತಿ ಮತಪತ್ರಕ್ಕೂ ಮೊದಲಿಗೆ 100 ಎಂಬ ಬೆಲೆ. ನನ್ನ ಉದಾಹರಣೆಯಲ್ಲಿ ಕೋಟಾ 25,001 ಆಗುತ್ತದೆ, ವಿರಾಜಪೇಟೆಯ ಗಳಿಕೆ 33,100, ಮಿಗುವುದು 8,099. ಅದನ್ನು 331 ಪತ್ರಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ 24. ಅಂದರೆ 331 ಪತ್ರಗಳೂ ಮುಂದಕ್ಕೆ ಹೋಗುತ್ತವೆ, ಆದರೆ ನೂರರ ಬೆಲೆಯಲ್ಲಲ್ಲ, 24ರ ಬೆಲೆಯಲ್ಲಿ. ಚಿಲ್ಲರೆ ಬಿಡುತ್ತಾರೆ. ಗುಮಾಸ್ತನಿಗೆ ಆರಿಸುವ ಕೆಲಸವೇ ಇಲ್ಲ.

ಐರ್ಲೆಂಡಿನಲ್ಲಿ ಬೇರೆ ಕ್ರಮವಿದೆ ಎಂದು ಓದಿದ್ದೇನೆ. ಅಲ್ಲಿಯವರೇ ಬಂದು ಹೇಳಲಿ.

ಲಿಫೀ ದಡ

ಅತ್ತೆಯ ಮಗಳು ನಾನೇ. ಭಾವ, ಫೋನಿನಲ್ಲಿ ಆಡಿದ್ದನ್ನೆಲ್ಲ ಇಲ್ಲಿ ತಂದು ಹಾಕುತ್ತೀರಿ ಎಂದು ಗೊತ್ತಿದ್ದರೆ ಇನ್ನೂ ಸ್ವಲ್ಪ ಚೆನ್ನಾಗಿ ವಿವರಿಸುತ್ತಿದ್ದೆ.

ನಾನು ಇನ್ನೂ ಭಾರತೀಯ ಪ್ರಜೆಯೇ. ಆದರೂ ಇಲ್ಲಿನ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತ ಹಾಕಿದ್ದೇನೆ. ಐರ್ಲೆಂಡಿನಲ್ಲಿ ವಾಸವಿರುವ, 18 ತುಂಬಿದ ಯಾರಿಗೇ ಆದರೂ ಪೌರತ್ವ ಕೇಳದೆ ಸ್ಥಳೀಯ ಚುನಾವಣೆಯಲ್ಲಿ ಮತದ ಹಕ್ಕಿದೆ. ಸಂಸತ್ತಿಗೆ ಹಾಗಿಲ್ಲ. 2024ರ ಜೂನ್ 7ರಂದು ನಡೆದ ಚುನಾವಣೆಯಲ್ಲಿ ಉದ್ದದ ಒಂದು ಹಾಳೆ ಕೈಗೆ ಕೊಟ್ಟರು. ಹೆಸರು, ಫೋಟೊ, ಪಕ್ಷದ ಗುರುತು, ಪಕ್ಕದಲ್ಲಿ ಖಾಲಿ ಚೌಕ. 1, 2, 3 ಎಂದು ಬರೆಯುತ್ತಾ ಹೋಗುವುದು. ಅದೇ ದಿನ ಐರೋಪ್ಯ ಸಂಸತ್ತಿಗೂ ಮತದಾನವಿತ್ತು. ಮಿಡ್‌ಲ್ಯಾಂಡ್ಸ್ ನಾರ್ತ್ ವೆಸ್ಟ್ ಎಂಬ ಕ್ಷೇತ್ರದಲ್ಲಿ ಐದು ಸ್ಥಾನಕ್ಕೆ 27 ಅಭ್ಯರ್ಥಿಗಳು. ಅದರ ಎಣಿಕೆ ದಿನಗಟ್ಟಲೆ ಎಳೆಯಿತು, ಇಲ್ಲಿನವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನೋಡುತ್ತಿದ್ದರು.

ಒಬ್ಬ ಅಭ್ಯರ್ಥಿಯ ಕಡೆಯಿಂದ ಪಾಸ್ ಸಿಕ್ಕಿ ಎಣಿಕೆ ಕೇಂದ್ರಕ್ಕೆ ಹೋಗಿದ್ದೆ. ಒಂದು ದೊಡ್ಡ ಕ್ರೀಡಾ ಸಭಾಂಗಣ. ಉದ್ದ ಮೇಜುಗಳು, ಮುಂದೆ ಕಬ್ಬಿಣದ ತಡೆ. ಮತಪೆಟ್ಟಿಗೆ ಸುರಿದು ಹಾಳೆಗಳನ್ನು ಬಿಡಿಸಿ ಇಡುವಾಗಲೇ ಪಕ್ಷಗಳ ಜನ ತಡೆಗೆ ಒರಗಿ ನಿಂತು, ಕಣ್ಣಿಗೆ ಬಿದ್ದ ‘1’ಗಳಿಗೆಲ್ಲ ತಮ್ಮ ಪಟ್ಟಿಯಲ್ಲಿ ಗೀಟು ಹಾಕುತ್ತಾರೆ. ಇವರನ್ನು ಟ್ಯಾಲಿಮೆನ್ ಎನ್ನುತ್ತಾರೆ. ಅಧಿಕೃತ ಘೋಷಣೆಗೆ ಗಂಟೆಗಳ ಮೊದಲೇ ಅವರ ಬಾಯಲ್ಲಿ ಫಲಿತಾಂಶ ಇರುತ್ತದೆ. ಆದರೆ ಅವರೂ ಹೇಳುವುದು ಮೊದಲ ಮತದ ಕಥೆಯನ್ನು. ಕೊನೆಯ ಸ್ಥಾನದ ಬಗ್ಗೆ ಕೇಳಿದರೆ ‘ಟ್ರಾನ್ಸ್‌ಫರ್ ನೋಡಬೇಕು’ ಎಂದು ಜಾರಿಕೊಳ್ಳುತ್ತಾರೆ.

ಒಬ್ಬರು ಹೊರಬಿದ್ದರು ಎಂದು ಮೈಕಿನಲ್ಲಿ ಹೇಳಿದ ಕೂಡಲೇ ಅವರ ಗೂಡಿನಲ್ಲಿದ್ದ ಕಟ್ಟುಗಳನ್ನು ತಂದು ರಬ್ಬರ್ ಬ್ಯಾಂಡ್ ತೆಗೆಯುತ್ತಾರೆ. ಒಂದೊಂದೇ ಹಾಳೆ. ‘2’ ಯಾರಿಗೆ? ಅವರು ಆಗಲೇ ಗೆದ್ದಿದ್ದಾರೆಯೇ, ಹೊರಬಿದ್ದಿದ್ದಾರೆಯೇ? ಹಾಗಿದ್ದರೆ ‘3’ ನೋಡು, ಅದೂ ಹೋಗಿದ್ದರೆ ‘4’. ಕಣದಲ್ಲಿ ಉಳಿದವರ ಹೆಸರು ಸಿಕ್ಕಿದ ಕೂಡಲೇ ಅವರ ಗೂಡಿಗೆ. ಮುಂದೆ ಅಂಕಿಯೇ ಇಲ್ಲದ ಹಾಳೆಗಳಿಗೆ ಬೇರೆ ಗೂಡು. ನಾನು ನೋಡುತ್ತಿದ್ದ ಮೇಜಿನಲ್ಲಿ ಒಂದು ಹಾಳೆ ‘9’ನೇ ಅಂಕಿಯವರೆಗೆ ಹೋಗಿ ಒಬ್ಬರ ಗೂಡು ಸೇರಿತು. ಒಂಬತ್ತನೆಯ ಆಯ್ಕೆ! ಅಷ್ಟು ತಾಳ್ಮೆಯಿಂದ ಬರೆದ ಪುಣ್ಯಾತ್ಮರು ಯಾರೋ.

ಮೇಷ್ಟ್ರು ಕೇಳಿದ್ದಕ್ಕೆ: ಇಲ್ಲಿ ಹಾಳೆಗಳನ್ನು ಮೊದಲೇ ಚೆನ್ನಾಗಿ ಕಲಸಿರುತ್ತಾರೆ. ಮೊದಲ ಎಣಿಕೆಯಲ್ಲೇ ಗೆದ್ದವರ ಹೆಚ್ಚುವರಿ ಹಂಚುವಾಗ ಎಲ್ಲ ಹಾಳೆಗಳ ಎರಡನೆಯ ಅಂಕಿ ನೋಡಿ ಪ್ರಮಾಣ ಕಂಡುಕೊಳ್ಳುತ್ತಾರೆ, ಆಮೇಲೆ ಆ ಪ್ರಮಾಣಕ್ಕೆ ಸರಿಯಾಗಿ ಇಡೀ ಹಾಳೆಗಳನ್ನೇ ಎತ್ತಿಕೊಡುತ್ತಾರೆ. ಬೆಲೆ ಇಳಿಸುವ ಲೆಕ್ಕವಿಲ್ಲ. ನಂತರದ ಸುತ್ತುಗಳಲ್ಲಿ ಗೆದ್ದವರಾದರೆ ಅವರಿಗೆ ಕೊನೆಯಲ್ಲಿ ಬಂದ ಕಟ್ಟನ್ನು ಮಾತ್ರ ನೋಡುತ್ತಾರೆ. ಆದ್ದರಿಂದ ಕಾಳುಮೆಣಸು ಅಣ್ಣನ ಅನುಮಾನ ಇಲ್ಲಿಗೆ ಸ್ವಲ್ಪ ಮಟ್ಟಿಗೆ ಹೊಂದುತ್ತದೆ. ಎತ್ತಿಕೊಟ್ಟ ಹಾಳೆಯಲ್ಲಿ ‘3’ ಯಾರಿಗಿದೆ ಎಂಬುದು ಅದೃಷ್ಟದ ಮಾತು. ಉತ್ತರ ಐರ್ಲೆಂಡಿನಲ್ಲಿ ಭಾರತದಂತೆ ಬೆಲೆ ಇಳಿಸುವ ಲೆಕ್ಕವೇ ಇದೆ.

ಹಾರಂಗಿ ಹಿನ್ನೀರು

ನಮ್ಮ ಗ್ರಾಮ ಪಂಚಾಯಿತಿ ಜೊತೆ ಹೋಲಿಸಿ ನೋಡಿ. ಒಂದೇ ವಾರ್ಡಿನಲ್ಲಿ ಎರಡು, ಮೂರು ಸ್ಥಾನ ಇರುತ್ತವೆ. ಎಷ್ಟು ಸ್ಥಾನವೋ ಅಷ್ಟು ಮತ ನಮ್ಮ ಕೈಯಲ್ಲಿ. ಮೀಸಲಾತಿಯ ಮಾತು ಬದಿಗಿಟ್ಟರೆ, ನೂರಕ್ಕೆ 51 ಜನ ಒಗ್ಗಟ್ಟಾಗಿ ನಿಂತ ಗುಂಪು ಮೂರೂ ಸ್ಥಾನ ಬಾಚಿಕೊಳ್ಳುತ್ತದೆ. 49 ಇರುವ ಗುಂಪಿಗೆ ಸೊನ್ನೆ. ಮತ ಮೂರು ಕೊಟ್ಟರೂ ಆಯ್ಕೆ ಒಂದೇ ಬಣಕ್ಕೆ. ವರ್ಗಾವಣೆ ಪದ್ಧತಿಯಲ್ಲಿ ಮತ ಒಂದೇ, ಆದರೆ ನೂರಕ್ಕೆ 26 ಜನ ಗಟ್ಟಿಯಾಗಿ ನಿಂತರೆ ಮೂರರಲ್ಲಿ ಒಂದು ಸ್ಥಾನವನ್ನು ಯಾರೂ ಕಸಿಯುವ ಹಾಗಿಲ್ಲ.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೂ ಹೀಗೇ ಇತ್ತು. 1952ರ ವಿಧಾನಸಭೆಗೆ 24 ಸ್ಥಾನ, 18 ಕ್ಷೇತ್ರ. ಆರು ಕ್ಷೇತ್ರಗಳಿಗೆ ಇಬ್ಬಿಬ್ಬರು ಸದಸ್ಯರು. ಕಾಂಗ್ರೆಸ್ಸಿಗೆ 15, ಪ್ರತ್ಯೇಕ ರಾಜ್ಯ ಉಳಿಯಬೇಕೆಂದ ತಕ್ಕಡಿ ಗುರುತಿನ ಕಡೆಗೆ 9. ಮೈಸೂರಿನೊಂದಿಗೆ ವಿಲೀನ ಬೇಕೋ ಬೇಡವೋ ಎಂಬ ಅಷ್ಟು ದೊಡ್ಡ ಪ್ರಶ್ನೆಯ ಮೇಲೆ ನಡೆದ ಚುನಾವಣೆಯಲ್ಲಿ ಎರಡನೆಯ ಪ್ರಾಶಸ್ತ್ಯ ಬರೆಯುವ ಅವಕಾಶ ಇದ್ದಿದ್ದರೆ ಏನಾಗುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ.

ಕಾಳುಮೆಣಸು

ಏನೂ ಆಗುತ್ತಿರಲಿಲ್ಲ. ಇರುವುದು ಎರಡೇ ಪಂಗಡ, ಇಬ್ಬರಿಗೂ ಇನ್ನೊಬ್ಬರ ಮುಖ ಕಂಡರೆ ಆಗದು ಎಂದಾದರೆ ಎರಡನೆಯ ಅಂಕಿಗೆ ಕೆಲಸವೇನು? ವರ್ಗಾವಣೆಗೆ ಬೆಲೆ ಬರುವುದು ಮೂರನೆಯವರು, ನಾಲ್ಕನೆಯವರು ಇದ್ದಾಗ.

ಇನ್ನೊಂದು ಮಾತು. ನಮ್ಮ ಪದವೀಧರ ಕ್ಷೇತ್ರವನ್ನು ಈ ಐರ್ಲೆಂಡಿನ ವಿಚಾರಕ್ಕೆ ಗಂಟು ಹಾಕಬೇಡಿ. ನಮ್ಮಲ್ಲಿ ಇರುವುದು ಒಂದೇ ಸ್ಥಾನ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಯ ಒಂದು ತುಂಡು ಎಲ್ಲ ಸೇರಿ ಒಬ್ಬರು. ಒಂದು ಸ್ಥಾನವನ್ನು ಯಾವ ಪ್ರಮಾಣದಲ್ಲಿ ಹಂಚುತ್ತೀರಿ? ಒಬ್ಬರ ಕಾಲು ಒಬ್ಬರಿಗೆ, ಕೈ ಇನ್ನೊಬ್ಬರಿಗೆ ಎಂದೇ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಈ ಮಾತು ನೂರಕ್ಕೆ ನೂರು ಸರಿ. ಒಂದೇ ಸ್ಥಾನವಿದ್ದರೆ ಕೋಟಾ ಎಂದರೆ ಅರ್ಧಕ್ಕಿಂತ ಒಂದು ಹೆಚ್ಚು. ಹೆಚ್ಚುವರಿ ಹಂಚುವ ಮಾತೇ ಬರುವುದಿಲ್ಲ, ಕೊನೆಯವರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾ ಹೋಗುವುದಷ್ಟೆ. ನಮ್ಮ ಪತ್ರಿಕೆಗಳು ಎಲಿಮಿನೇಷನ್ ಸುತ್ತು ಎಂದು ಬರೆಯುವುದು ಇದನ್ನೇ. ಅಲ್ಲಿ ವರ್ಗಾವಣೆ ಇದೆ, ಪ್ರಮಾಣ ಇಲ್ಲ. ತಮಾಷೆಯೆಂದರೆ ನಮ್ಮ ಸಂವಿಧಾನ ರಾಷ್ಟ್ರಪತಿ ಚುನಾವಣೆಗೂ ‘ಪ್ರಮಾಣಾನುಗುಣ ಪ್ರಾತಿನಿಧ್ಯ’ ಎಂದೇ ಹೇಳುತ್ತದೆ. ಹುದ್ದೆ ಒಂದೇ!

ಆದರೆ ಒಂದೇ ಸ್ಥಾನದಲ್ಲೂ ವರ್ಗಾವಣೆ ಎಷ್ಟು ಬೆವರಿಳಿಸಬಲ್ಲದು ಎಂಬುದಕ್ಕೆ 1969ರ ರಾಷ್ಟ್ರಪತಿ ಚುನಾವಣೆ ನೋಡಬೇಕು. ಸಂಸದರು, ಶಾಸಕರ ಮತಮೌಲ್ಯದ ಲೆಕ್ಕದಲ್ಲಿ ಮೊದಲ ಎಣಿಕೆ: ವಿ.ವಿ. ಗಿರಿ 4,01,515, ನೀಲಂ ಸಂಜೀವ ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಬೇಕಾದದ್ದು 4,18,169. ಗಿರಿಯವರಿಗೆ ಬರೇ 16 ಸಾವಿರ ಚಿಲ್ಲರೆ ಕಡಿಮೆ. ಉಳಿದವರನ್ನು ಒಬ್ಬೊಬ್ಬರನ್ನಾಗಿ ತೆಗೆದು, ಕೊನೆಗೆ ದೇಶಮುಖರ ಮತಗಳನ್ನೂ ಬಿಚ್ಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427.

ಕಳೆದು ನೋಡಿ. ವರ್ಗಾವಣೆಯಿಂದ ರೆಡ್ಡಿಯವರಿಗೆ ಬಂದದ್ದು 91,879, ಗಿರಿಯವರಿಗೆ 18,562. ಸುಮಾರು ಐದು ಪಟ್ಟು ಹೆಚ್ಚು ಎರಡನೆಯ ಪ್ರಾಶಸ್ತ್ಯ ಪಡೆದವರು ಸೋತರು. ‘ಗಿರಿ ಎರಡನೇ ಪ್ರಾಶಸ್ತ್ಯದ ಮತದಿಂದ ಗೆದ್ದರು’ ಎಂದು ಎಲ್ಲರೂ ಬರೆಯುತ್ತಾರೆ, ಅದು ನಿಜವೂ ಹೌದು, ಆದರೆ ಅಷ್ಟೇ ಹೇಳಿದರೆ ತಪ್ಪು ಚಿತ್ರ ಸಿಗುತ್ತದೆ. ಅವರನ್ನು ಉಳಿಸಿದ್ದು ಮೊದಲ ಎಣಿಕೆಯ ಮುನ್ನಡೆ. ವರ್ಗಾವಣೆ ಅದನ್ನು ಬಹುಪಾಲು ತಿಂದುಹಾಕಿತು, ಪೂರ್ತಿ ತಿನ್ನಲಾಗಲಿಲ್ಲ.

ಹಾರಂಗಿ ಹಿನ್ನೀರು

ಒಂದಕ್ಕಿಂತ ಹೆಚ್ಚು ಸ್ಥಾನಗಳ ನಿಜವಾದ ಆಟ ನಮ್ಮಲ್ಲಿ ನಡೆಯುವುದು ರಾಜ್ಯಸಭೆಗೆ. 2022ರ ಜೂನ್‌ನಲ್ಲಿ ಕರ್ನಾಟಕದ ನಾಲ್ಕು ಸ್ಥಾನಗಳ ಚುನಾವಣೆ ನೆನಪಿರಬೇಕು. 224 ಶಾಸಕರು, ಗೆಲ್ಲಲು 45 ಮತ. ನಿರ್ಮಲಾ ಸೀತಾರಾಮನ್ ಮತ್ತು ಜೈರಾಮ್ ರಮೇಶ್ ತಲಾ 46, ಜಗ್ಗೇಶ್ 44. ನಾಲ್ಕನೆಯ ಸ್ಥಾನಕ್ಕೆ ಯಾವ ಪಕ್ಷದ ಬಳಿಯೂ ಸಾಕಷ್ಟು ಮತ ಇರಲಿಲ್ಲ. ಬಿಜೆಪಿಯ ಲೆಹರ್ ಸಿಂಗ್ 33, ಜೆಡಿಎಸ್‌ನ ಕುಪೇಂದ್ರ ರೆಡ್ಡಿ 30, ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ 25. ಕೊನೆಯ ಇಬ್ಬರದು ಕೂಡಿದರೆ 55. ಆ ಎರಡೂ ಕಡೆಯ ಮತ ಒಂದೆಡೆ ಸೇರಲೇ ಇಲ್ಲ. 33ರವರು ಎರಡನೆಯ ಪ್ರಾಶಸ್ತ್ಯದ ನೆರವಿನಿಂದ ದೆಹಲಿಗೆ ಹೋದರು. ‘ನಿಮ್ಮ ಎರಡನೆಯ ಮತ ನಮಗೆ ಕೊಡಿ’ ಎಂದು ಕೇಳುವ ಸಂಬಂಧ ಉಳಿಸಿಕೊಳ್ಳದ ಪಕ್ಷಗಳಿಗೆ ಈ ಪದ್ಧತಿ ಕಲಿಸುವ ಪಾಠ ದುಬಾರಿ.

ಕೋಟಾದ ಕೊನೆಯ ‘ಒಂದು’ ಎಷ್ಟು ಮುಖ್ಯ ಎಂಬುದಕ್ಕೆ ಗುಜರಾತ್ ಇದೆ. 2017ರ ಆಗಸ್ಟ್, ಮೂರು ಸ್ಥಾನ, 176 ಮತ. ಇಬ್ಬರು ಶಾಸಕರು ತಮ್ಮ ಪಕ್ಷದ ಏಜೆಂಟರನ್ನು ಬಿಟ್ಟು ಬೇರೆಯವರಿಗೂ ಮತಪತ್ರ ತೋರಿಸಿದರೆಂದು ಚುನಾವಣಾ ಆಯೋಗ ಆ ಎರಡು ಮತ ತಿರಸ್ಕರಿಸಿತು. ಉಳಿದದ್ದು 174. ಕಾಂಗ್ರೆಸ್ಸಿನ ಅಹ್ಮದ್ ಪಟೇಲ್ ಗೆದ್ದದ್ದು 44 ಮತ ಪಡೆದು, ಅಂದರೆ ನೂರರ ಬೆಲೆಯಲ್ಲಿ 4,400. 176 ಮತಕ್ಕೆ ಕೋಟಾ 4,401 ಆಗುತ್ತಿತ್ತು. 174ಕ್ಕೆ ಇಳಿದಾಗ 4,351. ಆ ಎರಡು ಹಾಳೆ ಉಳಿದಿದ್ದರೆ ಪಟೇಲರು ಒಂದೇ ಒಂದು ಅಂಶ ಕಡಿಮೆಯಾಗಿ ಗೆರೆಯ ಕೆಳಗೇ ನಿಂತಿರುತ್ತಿದ್ದರು, ಮೂರನೆಯ ಸ್ಥಾನಕ್ಕೆ ಎರಡನೆಯ ಪ್ರಾಶಸ್ತ್ಯಗಳನ್ನು ಬಿಚ್ಚಬೇಕಾಗುತ್ತಿತ್ತು.

ಪುಷ್ಪಗಿರಿ ತಪ್ಪಲು

ಇಷ್ಟೆಲ್ಲ ಓದಿದ ಮೇಲೆ ಒಂದು ಸಂಶಯ. ಎಲ್ಲರಿಗೂ ಆಗುವವರೇ ಗೆಲ್ಲುವುದಾದರೆ, ನೇರವಾಗಿ ಮಾತಾಡುವವರು, ಒಂದು ನಿಲುವಿಗೆ ಅಂಟಿಕೊಂಡವರು ಎಲ್ಲಿಗೆ ಹೋಗಬೇಕು? ‘ಹೌದಪ್ಪ, ಅದೂ ಸರಿ, ಇದೂ ಸರಿ’ ಎನ್ನುವವರ ಸಭೆ ಆಗುವುದಿಲ್ಲವೇ? ಆನೆ ಕಂದಕದ ವಿಷಯವೇ ಇರಲಿ, ತೋಟದ ಕಾರ್ಮಿಕರ ಲೈನ್ ಮನೆಗಳ ಹಕ್ಕುಪತ್ರದ ವಿಷಯವೇ ಇರಲಿ, ಯಾರ ಮನಸ್ಸಿಗೂ ನೋವಾಗದಂತೆ ಮಾತಾಡುವವರಿಂದ ಇಲ್ಲಿ ಏನೂ ಆಗಿಲ್ಲ.

ಲಿಫೀ ದಡ

ನೀವು ಕೇಳಿದ್ದು ಇಲ್ಲಿಯೂ ಚರ್ಚೆಯಾಗುವ ವಿಷಯ. ಆದರೆ ಮೊದಲ ಮತ ಗಟ್ಟಿಯಾಗಿ ಇರುವವರಿಗೆ ಯಾರ ಕೃಪೆಯೂ ಬೇಕಾಗಿಲ್ಲ, ಕೋಟಾ ಮುಟ್ಟಿದರೆ ಮುಗಿಯಿತು. ಕಷ್ಟ ಬರುವುದು ಕೋಟಾದ ಅರ್ಧ, ಮುಕ್ಕಾಲು ಹತ್ತಿರ ನಿಂತವರಿಗೆ.

2024ರ ನವೆಂಬರ್ 29ರ ಸಂಸತ್ ಚುನಾವಣೆಯ ಅಂಕಿ ಹೇಳುತ್ತೇನೆ. ಒಟ್ಟು 174 ಸ್ಥಾನ, 43 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ ಮೂರರಿಂದ ಐದು ಸ್ಥಾನ. ಲೇಬರ್ ಪಕ್ಷಕ್ಕೆ ಮೊದಲ ಪ್ರಾಶಸ್ತ್ಯದಲ್ಲಿ ಶೇ 4.7, ಸೋಷಿಯಲ್ ಡೆಮಾಕ್ರಾಟ್ಸ್‌ಗೆ ಶೇ 4.8. ಇಬ್ಬರಿಗೂ ತಲಾ 11 ಸ್ಥಾನ. ಆಂಟು ಎಂಬ ಪಕ್ಷಕ್ಕೆ ಶೇ 3.9, ಸ್ಥಾನ ಎರಡು. ಮತದ ಅಂತರ ಒಂದು ಶೇಕಡಕ್ಕೂ ಕಡಿಮೆ, ಸ್ಥಾನದ ಅಂತರ ಒಂಬತ್ತು! ಇದರಲ್ಲಿ ವರ್ಗಾವಣೆಯ ಪಾಲು ದೊಡ್ಡದು. ಎಡಪಂಥೀಯ ಸಣ್ಣ ಪಕ್ಷಗಳ ಮತದಾರರು ಒಬ್ಬರಿಗೊಬ್ಬರು ಅಂಕಿ ಕೊಡುತ್ತಾರೆ. ಆದರೆ ಪೂರ್ತಿ ಅದೇ ಕಾರಣ ಎಂದರೆ ಸರಿಯಾಗದು: ಆಂಟುವಿನ ಮತ ದೇಶದ ತುಂಬ ತೆಳ್ಳಗೆ ಹರಡಿತ್ತು, ಉಳಿದಿಬ್ಬರದು ಕೆಲವು ಕಡೆ ಗಟ್ಟಿಯಾಗಿ ನಿಂತಿತ್ತು.

ದೊಡ್ಡ ಪಕ್ಷಗಳಿಗೂ ಇದೇ. ಫಿಯನ್ನಾ ಫಾಲ್ ಪಕ್ಷಕ್ಕೆ ಶೇ 21.9 ಮತ, 48 ಸ್ಥಾನ. ಪ್ರಮಾಣಕ್ಕೆ ಸರಿಯಾಗಿ ನೋಡಿದರೆ 38 ಬರಬೇಕಿತ್ತು. ಶೇ 20.8 ಪಡೆದ ಫಿನ್ ಗೇಲ್‌ಗೆ 38, ಶೇ 19 ಪಡೆದ ಶಿನ್ ಫೇನ್‌ಗೆ 39. ಫಿಯನ್ನಾ ಫಾಲ್ ಮತ್ತು ಫಿನ್ ಗೇಲ್ ಒಂದು ಕಾಲದಲ್ಲಿ ಅಂತರ್ಯುದ್ಧದ ಎರಡು ಬದಿಗಳಿಂದ ಬಂದ ವೈರಿಗಳು. 2020ರಿಂದ ಒಟ್ಟಿಗೆ ಸರ್ಕಾರ ನಡೆಸಿದ ಮೇಲೆ ಅವರ ಮತದಾರರು ಪರಸ್ಪರ ಅಂಕಿ ಕೊಡುವುದು ಹೆಚ್ಚಾಯಿತು.

2020ರಲ್ಲಿ ಶಿನ್ ಫೇನ್‌ಗೆ ಆದದ್ದು ಇನ್ನೊಂದು ಬಗೆ. ಶೇ 24.5 ಮತ, ಎಲ್ಲರಿಗಿಂತ ಹೆಚ್ಚು. ಆದರೆ ನಿಲ್ಲಿಸಿದ್ದೇ 42 ಜನರನ್ನು, ಗೆದ್ದದ್ದು 37. ಅನೇಕ ಕಡೆ ಅವರ ಒಬ್ಬರೇ ಅಭ್ಯರ್ಥಿ ಕೋಟಾ ಮೀರಿ ಗೆದ್ದು, ಹೆಚ್ಚುವರಿ ಮತ ತೆಗೆದುಕೊಳ್ಳಲು ಅವರದೇ ಎರಡನೆಯವರು ಕಣದಲ್ಲಿ ಇರಲಿಲ್ಲ. ಆ ಮತ ಬೇರೆ ಎಡಪಕ್ಷಗಳನ್ನು ಗೆಲ್ಲಿಸಿತು.

ಕಾಳುಮೆಣಸು

ಶೇ 21.9ಕ್ಕೆ 48 ಸ್ಥಾನ ಎಂದರೆ ‘ಪ್ರಮಾಣಾನುಗುಣ’ ಎಂಬ ಹೆಸರು ಯಾಕೆ? ನನಗೆ ತಿಳಿದ ಮಟ್ಟಿಗೆ ಇದೇ ಪದ್ಧತಿ ಇರುವ ಮಾಲ್ಟಾದಲ್ಲಿ ಇನ್ನೂ ಕೆಟ್ಟದ್ದಾಗಿದೆ. 1981ರಲ್ಲಿ ಶೇ 50.9 ಮತ ಪಡೆದ ನ್ಯಾಷನಲಿಸ್ಟ್ ಪಕ್ಷಕ್ಕೆ 31 ಸ್ಥಾನ, ಲೇಬರ್‌ಗೆ 34. ಆಮೇಲೆ 1987ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ಇಷ್ಟು ಎಣಿಸಿ, ಇಷ್ಟು ಗೂಡು ಮಾಡಿ, ಕಡೆಗೆ ಸೋತವರೇ ಸರ್ಕಾರ ಮಾಡುವುದಾದರೆ ನಮ್ಮ ಒಂದೇ ಗುಂಡಿಯ ಯಂತ್ರವೇ ಮೇಲು. ಐರ್ಲೆಂಡಿನವರೂ ಯಂತ್ರ ತರಲು ಹೋಗಿ, ಐದು ಕೋಟಿ ಯೂರೊಗೂ ಹೆಚ್ಚು ಸುರಿದು, ಕಡೆಗೆ ಗುಜರಿಗೆ ಹಾಕಿದರಲ್ಲ?

ಲಿಫೀ ದಡ

ಹಾಕಿದರು. 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿದರು, ಆಮೇಲೆ ಯಾರಿಗೂ ನಂಬಿಕೆ ಬರಲಿಲ್ಲ. ಸುತ್ತು ಸುತ್ತಾಗಿ ಹಾಳೆ ಹೋಗುವುದನ್ನು ಕಣ್ಣಾರೆ ನೋಡಿದವರಿಗೆ ಒಂದೇ ಸಲಕ್ಕೆ ಪರದೆಯ ಮೇಲೆ ಬಂದ ಉತ್ತರ ಹಿಡಿಸಲಿಲ್ಲ. ಆದರೆ ಪದ್ಧತಿಯನ್ನು ಬಿಡಲಿಲ್ಲ ಅಣ್ಣ. ಬಿಡೋಣವೇ ಎಂದು ಸರ್ಕಾರವೇ 1959ರಲ್ಲಿ ಒಮ್ಮೆ, 1968ರಲ್ಲಿ ಒಮ್ಮೆ ಜನಮತ ಕೇಳಿತು. ಎರಡು ಸಲವೂ ಜನ ಬೇಡ ಎಂದರು.

ನಿರ್ವಾಹಕ

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಯಾವ ಜಾತಿಯವರು ಯಾರಿಗೆ ಎರಡನೆಯ ಮತ ಕೊಡುತ್ತಾರೆ ಎಂಬ ಊಹಾಪೋಹಕ್ಕೆ ಇಲ್ಲಿ ಜಾಗವಿಲ್ಲ. ಲೆಕ್ಕ ಮುಂದುವರಿಯಲಿ.

ಹಾರಂಗಿ ಹಿನ್ನೀರು

ಜಾತಿ ಬಿಟ್ಟು ಸಂಖ್ಯೆಯಲ್ಲೇ ಹೇಳುತ್ತೇನೆ. ಕೊಡಗಿಗೆ 2008ರಿಂದ ಎರಡೇ ವಿಧಾನಸಭಾ ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. ಅದಕ್ಕೆ ಮೊದಲು ಸೋಮವಾರಪೇಟೆ ಸೇರಿ ಮೂರಿದ್ದವು. ಇಡೀ ಜಿಲ್ಲೆ ಒಂದೇ ಕ್ಷೇತ್ರವಾಗಿ, ಅದಕ್ಕೆ ಮೂರು ಸ್ಥಾನ ಇದ್ದು ವರ್ಗಾವಣೆ ಮತ ಬಂದರೆ ಯಾರೂ ಒಂದು ಮೂಲೆಯಲ್ಲಿ ಕುಳಿತು ಗೆಲ್ಲಲಾಗದು. ಲೈನ್ ಮನೆಗಳಲ್ಲಿರುವ ಯರವರು, ಹಾಡಿಗಳಲ್ಲಿರುವ ಜೇನುಕುರುಬರಂಥವರು ತಮ್ಮ ಸಂಖ್ಯೆಯಿಂದಲೇ ಕೋಟಾ ಮುಟ್ಟುವುದು ಕಷ್ಟ. ಆದರೆ ಅವರ ಅಭ್ಯರ್ಥಿ ಹೊರಬಿದ್ದ ಮೇಲೆ ಆ ಕಟ್ಟು ಯಾರ ಗೂಡಿಗೆ ಎಂಬುದು ಕೊನೆಯ ಸ್ಥಾನ ತೀರ್ಮಾನಿಸಬಹುದು. ಆಗ ಹಾಡಿಗೆ ಬರುವ ಜೀಪುಗಳ ಸಂಖ್ಯೆ ನೋಡಿ.

ಕಾಳುಮೆಣಸು

ಮೂರು ಇದ್ದರೆ ಅಲ್ಲವೇ? ಇರುವುದು ಎರಡು. ಎರಡು ಸ್ಥಾನಕ್ಕೆ ಕೋಟಾ ಮೂರನೆಯ ಒಂದು ಭಾಗ. ಇಲ್ಲಿ ಎರಡು ದೊಡ್ಡ ಪಕ್ಷಗಳಿಗೂ ಅದರ ಹತ್ತಿರ ಹತ್ತಿರ ಮತ ಸಾಮಾನ್ಯವಾಗಿ ಇರುತ್ತದೆ. ಚುನಾವಣೆ ಬರಲಿ ಹೋಗಲಿ, ನಿಮಗೊಂದು ನಮಗೊಂದು ಎಂದು ಹಂಚಿಕೊಂಡು ಕೂರುತ್ತಾರೆ. ಈಗ ಸಿಟ್ಟು ಬಂದರೆ ಇಬ್ಬರನ್ನೂ ಮನೆಗೆ ಕಳಿಸಬಹುದು. 2023ರಲ್ಲಿ ಎರಡೂ ಸ್ಥಾನ ಬದಲಾದದ್ದು ಹಾಗೆಯೇ. ನಿಮ್ಮ ಪದ್ಧತಿಯಲ್ಲಿ ಅದು ಆಗುತ್ತಿತ್ತೇ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಎರಡು ಸ್ಥಾನಕ್ಕೆ ಆಗುತ್ತಿರಲಿಲ್ಲ ಎಂದೇ ಕಾಣುತ್ತದೆ. ಐರ್ಲೆಂಡಿನ ಸಂವಿಧಾನ ಮೂರಕ್ಕಿಂತ ಕಡಿಮೆ ಸ್ಥಾನದ ಕ್ಷೇತ್ರ ಮಾಡಕೂಡದು ಎಂದು ಬರೆದಿಟ್ಟಿದೆ. ಈ ಪದ್ಧತಿಗೆ ಜಾಗ ಬೇಕು. ಕಡಿಮೆ ಸ್ಥಾನದಲ್ಲಿ ಅದು ಜಡ್ಡುಗಟ್ಟುತ್ತದೆ.

ಗೋಣಿಕೊಪ್ಪ ಸಂತೆ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಮೇಷ್ಟ್ರ ಲೆಕ್ಕ ತೋರಿಸಿದೆ. ಅವರು ಕಾಗದ ತೆಗೆದುಕೊಂಡು ಒಂದು ಬದಲಾವಣೆ ಮಾಡಿದರು: ವಿರಾಜಪೇಟೆಯವರ ಎರಡನೆಯ ಅಂಕಿ ಪೊನ್ನಂಪೇಟೆಗೆ ಬದಲು ಸೋಮವಾರಪೇಟೆಗೆ ಹೋಗಿದ್ದರೆ? ಅಂದರೆ 80ರಲ್ಲಿ ಸೋಮವಾರಪೇಟೆಗೆ 60, ಮಡಿಕೇರಿಗೆ 12, ಪೊನ್ನಂಪೇಟೆಗೆ 8. ಆಗ ಸೋಮವಾರಪೇಟೆ 295 ಆಗಿ ಎರಡನೆಯ ಸುತ್ತಿನಲ್ಲೇ ಗೆಲ್ಲುತ್ತದೆ, ಅವರಿಗೆ 44 ಮಿಗುತ್ತದೆ. ಅದರಲ್ಲಿ 30 ಮಡಿಕೇರಿಗೆ, 10 ಪೊನ್ನಂಪೇಟೆಗೆ, 4 ನಾಪೋಕ್ಲಿಗೆ ಎಂದು ಹಿಡಿದರು. ಮಡಿಕೇರಿ 222, ಪೊನ್ನಂಪೇಟೆ 167. ನಾಪೋಕ್ಲು ಹೊರಬಿದ್ದು ಹಿಂದಿನಂತೆಯೇ 38 ಮತ್ತು 52 ಕೊಟ್ಟರೆ ಮಡಿಕೇರಿ 260, ಪೊನ್ನಂಪೇಟೆ 219. ಮಡಿಕೇರಿ ಗೆದ್ದಿತು! ಮೊದಲ ಎಣಿಕೆಯ ಒಂದು ಮತವನ್ನೂ ಮುಟ್ಟಲಿಲ್ಲ. ಸರಿಯಿದೆಯೇ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಸರಿಯಿದೆ. ನಾಪೋಕ್ಲಿನ ಉಳಿದ ಚಿಲ್ಲರೆ ಮತ ಪೂರ್ತಿ ಪೊನ್ನಂಪೇಟೆಗೆ ಹೋದರೂ ಅವರು 238 ದಾಟುವುದಿಲ್ಲ. ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ‘ಎರಡು ಬರೆದರೆ ಪೆಟ್ಟು’ ಎಂದವರೇ ಎರಡನ್ನು ತಿರುಗಿಸಿ ಒಂದು ಸ್ಥಾನ ಬದಲಿಸಿದ್ದಾರೆ.

ಮತಗಟ್ಟೆಗೆ ಹೋಗುವಾಗ ಇಷ್ಟು ನೆನಪಿರಲಿ. ಅಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು, ಜೇಬಿನ ಪೆನ್ನು ಬೇಡ. ‘ಒಂದು’ ಎಂದು ಅಕ್ಷರದಲ್ಲಿ ಬರೆಯಬಾರದು, ಅಂಕಿಯೇ ಆಗಬೇಕು. ೧, ೨, ೩ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ನಡೆಯುತ್ತದೆ. ಇಬ್ಬರ ಮುಂದೆ ‘1’ ಹಾಕಿದರೆ, ಸರಿ ಗುರುತು ಹಾಕಿದರೆ, ಸಹಿ ಮಾಡಿದರೆ ಮತ ಕುಲಗೆಟ್ಟಿತು. ಪದವೀಧರರ ಚುನಾವಣೆಯಲ್ಲೇ ತಿರಸ್ಕೃತ ಮತದ ಸುದ್ದಿ ಪ್ರತಿ ಸಲ ಬರುತ್ತದೆ, ಓದಿ ನಾಚಿಕೆಯಾಗುತ್ತದೆ. ಮತ್ತು ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹೋದ ಸಲ ಹೆಸರಿತ್ತು ಎಂದು ಕೂರಬೇಡಿ, ನಮೂನೆ 18 ಮತ್ತೆ ಕೊಡಬೇಕು.

ಕಾಳುಮೆಣಸು

ನಮೂನೆ 18ರ ಜೊತೆ ಪದವಿ ಪ್ರಮಾಣಪತ್ರದ ನಕಲನ್ನು ಯಾರಿಂದ ದೃಢೀಕರಿಸಬೇಕು, ಅದನ್ನೂ ಹೇಳಿಬಿಡಿ ಮೇಷ್ಟ್ರೇ. ಪದ್ಧತಿ ಒಪ್ಪಿಲ್ಲ, ಮತ ಬಿಡುವವನೂ ಅಲ್ಲ.